ಕವರ್ ಮೇಲಿನ ಅಂಗೈ

ಬೊಮ್ಮಸಂದ್ರದ ಆ ಮಾತ್ರೆ ಫ್ಯಾಕ್ಟರಿ ಗೇಟು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತೆ. ಕಾಲೇಜಿನ ಪ್ರಾಜೆಕ್ಟಿಗೆ ನಾವು ಗೆಳೆಯರು ಸೇರಿ ಒಂದು ಹಾಡಿನ ಆಲ್ಬಂ ಮಾಡ್ತಿದ್ವಿ. ಕವರ್, ವಿಡಿಯೋ ಎರಡೂ ನಮ್ಮದೇ. ಹಾಡು ಬರೆದ ರೇಣುಕಾಳ ಅಮ್ಮ, ಗದಗ ಕಡೆಯವರು, ಅಲ್ಲೇ ಪ್ಯಾಕಿಂಗ್ ಕೆಲಸದಲ್ಲಿದ್ದರು. ಅವರು ಶಿಫ್ಟ್ ಮುಗಿಸಿ ಹೊರಗೆ ಬರೋದೇ ನಮ್ಮ ಕೊನೆಯ ಶಾಟ್, ಕವರ್ ಫೋಟೋನೂ ಅದೇ.

ರೇಣುಕಾಳ ಅಮ್ಮ ಗೇಟು ದಾಟಿ ಬರ್ತಿದ್ದಂಗೆ ನಾನು ರಸ್ತೆಯಲ್ಲಿ ನಿಂತು ಕ್ಯಾಮೆರಾ ಆನ್ ಮಾಡಿದ ಕೂಡಲೇ ಸೆಕ್ಯುರಿಟಿ ಆಫೀಸರ್ ಬಂದ.

"ಯೂನಿಫಾರ್ಮ್ ಕಂಪನಿ ಪ್ರಾಪರ್ಟಿ, ಶೂಟ್ ಮಾಡಂಗಿಲ್ಲ."

ಅಮ್ಮ ಯೂನಿಫಾರ್ಮಿನ ನೀಲಿ ಕೋಟು ಬಿಚ್ಚಿ, ಮಡಚಿ ಬ್ಯಾಗಿಗೆ ಹಾಕಿ, ಸೀರೆಯಲ್ಲಿ ನಿಂತರು.

"ಯೂನಿಫಾರ್ಮ್ ಇಲ್ದೆ ಹೊರಗಿನೋರು ಗೇಟ್ ಹತ್ರ ನಿಲ್ಲಂಗಿಲ್ಲ" ಅಂದ.

"ದಿನಾ ನೀವ ನನ್ ಬ್ಯಾಗ್ ಚೆಕ್ ಮಾಡ್ತೀರಿ. ನಾ ಹೊರಗಿನಾಕಿ ಏನ್ರೀ?" ಅಂತ ಅಮ್ಮ ಕೇಳಿದರು.

ಅವನು ಲೆನ್ಸಿಗೆ ಕೈ ಅಡ್ಡ ಹಿಡಿದ. ನಾನು ಸಿಟ್ಟಲ್ಲಿ ಬಟನ್ ಒತ್ತುತ್ತಲೇ ಇದ್ದೆ.

ಈಗ ನಮ್ಮ ಆಲ್ಬಂ ಕವರ್ ತುಂಬ ಆ ಅಂಗೈ ಒಂದೇ ಇದೆ. ಕಂಪನಿಯವರು ಬಂದು ಕೇಳಲಿ, ಉತ್ತರ ರೆಡಿ ಇಟ್ಟಿದ್ದೀನಿ: ಅಂಗೈ ಯೂನಿಫಾರ್ಮ್ ಹಾಕಿರಲಿಲ್ಲ ಸಾರ್.