ಅತ್ತಿಗೆಯ ಡಬ್ಬಿಗಳಿಗೆ ಬಣ್ಣ ಹೊಡೆದದ್ದು

ತುಕ್ಕು ತೆಗೆಯಲು ಬಿಂಬುಳಿಯಷ್ಟು ಒಳ್ಳೆಯದು ಬೇರೆ ಇಲ್ಲ. ಪುತ್ತೂರಿನ ನಮ್ಮ ಮನೆಯ ಹಿಂದೆ ಒಂದು ಮರವಿದೆ. ಬುಡದಿಂದ ತುದಿಯವರೆಗೆ ಹುಳಿ ಹುಳಿ ಕಾಯಿ. ಕಾಯಿ ಜಜ್ಜಿ, ನೀರು ಬೆರೆಸಿ, ಡಬ್ಬಿಯನ್ನು ಅದರಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು. ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಬೇಕು. ತೊಳೆದ ಕೂಡಲೇ ಒರೆಸಿ ಬಿಸಿಲಿಗಿಡಬೇಕು. ಕಾಫಿ ಕುಡಿದು ಬಂದು ಇಡುತ್ತೇನೆ ಎಂದರೆ ಅಷ್ಟರಲ್ಲಿ ಹೊಸ ತುಕ್ಕು ಶುರುವಾಗಿರುತ್ತದೆ. ಆಮೇಲೆ ಒಳಗಿನಿಂದ ಮರದ ತುಂಡು ಕೊಟ್ಟು ತಟ್ಟಿ ನಗ್ಗು ತೆಗೆಯುವುದು, ಎಮರಿ ಕಾಗದದಿಂದ ತಿಕ್ಕುವುದು, ತುಕ್ಕು ತಡೆಯುವ ರೆಡಾಕ್ಸೈಡ್ ಬಳಿಯುವುದು, ಕೊನೆಗೆ ಬಣ್ಣ. ಒಂದು ಹಂತ ಬಿಟ್ಟರೂ ಮಳೆಗಾಲ ಬಂದಾಗ ಬಣ್ಣದಡಿಯಿಂದ ತುಕ್ಕು ಮೇಲೇಳುತ್ತದೆ.

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹಾಸಿಗೆಯ ಮೂಲೆ ಹೇಗೆ ಮಡಚಬೇಕು, ಯಾವ ಔಷಧ ಕಪಾಟಿನ ಯಾವ ಖಾನೆಯಲ್ಲಿರಬೇಕು ಎಂಬುದನ್ನು ಹದಿಹರೆಯದಲ್ಲೇ ಬೈಸಿಕೊಂಡು ಕಲಿತೆ, ಆಮೇಲೆ ಬೈದು ಕಲಿಸಿದೆ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಅಟ್ಟದಲ್ಲಿ ಬಿದ್ದಿದ್ದ ಅಮ್ಮನ ಬಿಸ್ಕತ್ತಿನ ಡಬ್ಬಿಯೊಂದನ್ನು ಸರಿ ಮಾಡಿ, ಅದರಲ್ಲಿ ಮನಿಪ್ಲಾಂಟ್ ನೆಟ್ಟು ಕಿಟಕಿಯಲ್ಲಿಟ್ಟೆ. ನೋಡಿದವರೆಲ್ಲ ಕೇಳಿದರು. ಗುಂಡ್ಯದ ಕಡೆ ಹೋಂಸ್ಟೇ ನಡೆಸುವವರೊಬ್ಬರು ಹಳೆಯ ಹಾಲಿನ ಕ್ಯಾನುಗಳನ್ನು ತಂದುಕೊಟ್ಟರು. ನೆಲ್ಯಾಡಿಯ ರಬ್ಬರ್ ತೋಟದ ಮನೆಯವರು, ತಮ್ಮ ಅಜ್ಜ ಕೇರಳದಿಂದ ಬರುವಾಗ ತಲೆಯ ಮೇಲೆ ಹೊತ್ತು ತಂದ ತಗಡಿನ ಪೆಟ್ಟಿಗೆಯನ್ನು ಕೊಟ್ಟು, ಚಾವಡಿಗೆ ಟೀಪಾಯಿ ಮಾಡಿಸಿಕೊಂಡರು. ನನಗೆ ಹೆಸರು ಬಂತು. ಹೆಸರಿನ ಜೊತೆಗೆ, ಎಲ್ಲಿ ಹೋದರೂ ಮೊದಲು ತುಕ್ಕನ್ನೇ ನೋಡುವ ಚಾಳಿಯೂ ಬಂತು.

ತೀರಿಹೋದ ನನ್ನ ಅಣ್ಣನ ಹೆಂಡತಿ ಜಾಲ್ಸೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅಡಿಗೆ ಅವರದೇ. ಸೊಸೆ ಸುಳ್ಯದಲ್ಲಿ ಕೆಲಸಕ್ಕೆ ಹೋಗುವುದರಿಂದ ಆ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಗಿತ್ತು. ಕಳೆದ ವರ್ಷ ಅವರ ಅಡಿಗೆಮನೆಗೆ ಹೊಸ ಟೈಲ್ಸ್ ಹಾಕಿಸಿ, ಬಾಗಿಲಿಲ್ಲದ ಮರದ ಕಪಾಟು ಮಾಡಿಸಿದರು. ಆ ಕಪಾಟಿನಲ್ಲಿ ಅತ್ತಿಗೆಯ ಡಬ್ಬಿಗಳು ಕೂತದ್ದನ್ನು ಕಂಡು ನನಗೆ ತಡೆಯಲಿಲ್ಲ. ಒಂದರ ಹೊಟ್ಟೆ ಒಳಗೆ ಹೋಗಿತ್ತು, ಒಂದರ ಮುಚ್ಚಳ ವಾರೆ, ಒಂದರ ಮೈಯೆಲ್ಲ ತುಕ್ಕಿನ ಹುರುಕು. ಸೊಸೆಯೂ ಅದನ್ನೇ ಹೇಳಲು ಬಾಯಿ ಬಿಡದೆ ಕಾಯುತ್ತಿದ್ದಳೆಂದು ಕಾಣುತ್ತದೆ. ನಾನು ಮಾತೆತ್ತಿದ ಕೂಡಲೇ ಯಾವ ಬಣ್ಣ ಚಂದ ಎಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು.

ಅತ್ತಿಗೆ ಒಂದು ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಬಣ್ಣ ಎಂತಕ್ಕೆ ಮಾರಾಯ್ತಿ, ಅವಕ್ಕೆ ಮದುವೆ ಉಂಟಾ?"

ನಾವೆಲ್ಲ ನಕ್ಕೆವು. ತುಕ್ಕು ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ ಎಂದು ನಾನು ವಾರ್ಡಿನ ಸ್ವರದಲ್ಲಿ ಹೇಳಿದೆ. ತುಕ್ಕು ಹೊರಗೆ ಮಾತ್ರ, ಒಳಗೆ ಕನ್ನಡಿಯ ಹಾಗೆ ಉಂಟು ಎಂದರು ಅತ್ತಿಗೆ. ಅದು ನಿಜವೇ ಆಗಿತ್ತು. ಆದರೆ ಅಣ್ಣನ ಮಗನೂ ಸೇರಿ ನಾವು ಮೂವರು, ಅವರು ಒಬ್ಬರು. ಆ ಕೈಯನ್ನು ನಾನು ನೋಡಿದೆ. ಹಳೆಯ ಸಾಮಾನಿನ ಮೇಲಿನ ಮೋಹ ಎಂದುಕೊಂಡು, ಡಬ್ಬಿಗಳನ್ನು ಗೋಣಿಗೆ ತುಂಬಿ ಬಸ್ಸು ಹತ್ತಿದೆ.

ಕೆಲಸ ಮಾತ್ರ ಚೆನ್ನಾಗಿ ಮಾಡಿದೆ. ಒಂದೂ ನಗ್ಗು ಉಳಿಯಲಿಲ್ಲ. ಎಲ್ಲಕ್ಕೂ ಕೆನೆಬಣ್ಣ, ಮುಚ್ಚಳಗಳಿಗೆ ಎಳೆಹಸಿರು. ಔಷಧದ ಕಪಾಟಿನಲ್ಲಿ ಬರೆಯುತ್ತಿದ್ದ ಹಾಗೆ ಗುಂಡು ಅಕ್ಷರಗಳಲ್ಲಿ ಹೆಸರು ಬರೆದು, ಅಕ್ಷರಮಾಲೆಯ ಪ್ರಕಾರ ಜೋಡಿಸಿಕೊಟ್ಟೆ. ಅವಲಕ್ಕಿಯಿಂದ ಶುರು, ಕೊನೆಯಲ್ಲಿ ಸಕ್ಕರೆ ಮತ್ತು ಸಜ್ಜಿಗೆ ರವೆ. ಸೊಸೆ ಫೋಟೊ ತೆಗೆದು ಊರಿಗೆಲ್ಲ ಕಳಿಸಿದಳು. ಅತ್ತಿಗೆ ಚಂದ ಉಂಟು ಎಂದರು. ಎಲ್ಲರೂ ಚಂದ ಎನ್ನುತ್ತಿದ್ದಾಗ ಅವರೂ ಹೇಳಿದರು, ಅಷ್ಟೇ.

ಕೆಲವು ವಾರ ಕಳೆದು ಮತ್ತೆ ಹೋದೆ. ನಿಜ ಹೇಳುವುದಾದರೆ ಅತ್ತಿಗೆಯನ್ನಲ್ಲ, ನನ್ನ ಡಬ್ಬಿಗಳನ್ನು ನೋಡಲು ಹೋದದ್ದು. ಆ ದಿನ ಸೊಸೆಯ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಅಡಿಗೆಮನೆ ನೋಡಲೆಂದೇ ಬಂದಿದ್ದಳು. ಅತ್ತಿಗೆ ಚಾ ತಂದುಕೊಟ್ಟರು. ನಾನು ಒಂದು ಗುಟುಕು ಕುಡಿದೆ, ಸಿಹಿ ಇಲ್ಲ. ಲೋಟದ ತಳದಲ್ಲಿ ಸಜ್ಜಿಗೆ ಬೆಂದು ದಪ್ಪವಾಗಿ ಕೂತಿತ್ತು. ಹುಡುಗಿ ಮರ್ಯಾದೆಯಿಂದ ಅದನ್ನೇ ಕುಡಿದಳು. ಸೊಸೆಯ ಮುಖ ಕೆಂಪಾಯಿತು. ವಯಸ್ಸಾಯಿತಲ್ಲ, ಮರೆವು ಎಂದು ಏನೋ ಹೇಳಿ ಮುಗಿಸಿದಳು.

ಮರೆವು ಹಾಗಿರುವುದಿಲ್ಲ ಎಂದು ನನಗೆ ಗೊತ್ತು. ನಾನು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. ಅತ್ತಿಗೆ ಮುಚ್ಚಳ ತೆಗೆದು ಮೂಸಿ ನೋಡಿ, ಮುಚ್ಚಿ, ಪಕ್ಕದ್ದನ್ನು ತೆಗೆಯುತ್ತಿದ್ದರು. ಬೇಕಾದದ್ದು ಸಿಕ್ಕಿದ ಮೇಲೆ ಚಮಚಕ್ಕೆ ಚಾಚಿದ ಕೈ ಚಮಚವನ್ನು ದಾಟಿ ಹೋಗಿ, ಹಿಂದೆ ಬಂದು, ಮೆಲ್ಲನೆ ಅದನ್ನು ಹಿಡಿಯಿತು. ಇಂಥ ಕೈಗಳನ್ನು ನಾನು ವಾರ್ಡಿನಲ್ಲಿ ಎಷ್ಟೋ ನೋಡಿದ್ದೇನೆ. ಅತ್ತಿಗೆ ಪೇಪರ್ ಓದುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕನ್ನಡಕ ಸರಿ ಇಲ್ಲ ಎನ್ನುತ್ತಿದ್ದರು, ನಾನೂ ಹೂಂಗುಟ್ಟುತ್ತಿದ್ದೆ. ಮನೆಯ ಪ್ರತಿ ಡಬ್ಬಿಯ ಮೈಯನ್ನೂ ಬೆರಳಿನಲ್ಲಿ ಓದಿಕೊಂಡು ಅವರು ಅಡಿಗೆ ಮಾಡುತ್ತಿದ್ದರು. ಹೊಟ್ಟೆ ಒಳಗೆ ಹೋದದ್ದು ಸಕ್ಕರೆ, ಹುರುಕಿನದ್ದು ಉದ್ದು. ನಾನು ಅದನ್ನೆಲ್ಲ ಬಿಂಬುಳಿ ಹಾಕಿ ಉಜ್ಜಿ ತೆಗೆದಿದ್ದೆ. ಮೇಲೆ ಬರೆದ ಹೆಸರು ಅವರಿಗೆ ಕಾಣುತ್ತಿರಲಿಲ್ಲ. ಜಾಗವನ್ನಾದರೂ ಗುರುತಿಟ್ಟುಕೊಳ್ಳೋಣವೆಂದರೆ ಸೊಸೆ ಧೂಳು ಒರೆಸುವಾಗ ಅದನ್ನೂ ಬದಲಾಯಿಸುತ್ತಿದ್ದಳು.

ನಾನು ನಿಂತಿದ್ದು ಅವರಿಗೆ ತಿಳಿಯಿತು. ತಿರುಗದೆಯೇ ಹೇಳಿದರು: "ನೋಡಿದ್ದನ್ನು ಇಲ್ಲಿ ಹೇಳ್ಬೇಡ. ಹೇಳಿದ್ರೆ ನನ್ನನ್ನು ಒಲೆ ಹತ್ರ ಬಿಡ್ಲಿಕ್ಕಿಲ್ಲ."

ನಾನು ಹೇಳಿದೆ. ಸಂಜೆಯ ಬಸ್ಸಿಗೆ ಮೊದಲು ಅಣ್ಣನ ಮಗನನ್ನು ಅಂಗಳಕ್ಕೆ ಕರೆದು ಹೇಳಿದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಒತ್ತಡದಿಂದ ನರ ಸವೆದಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು ಎಂದರು. ಇನ್ನೂ ತಡವಾಗಿದ್ದರೆ ಆ ಉಳಿದದ್ದೂ ಇರುತ್ತಿರಲಿಲ್ಲ.

ನನ್ನನ್ನು ಚುಚ್ಚುವುದು ಆಮೇಲಿನದು. ಡಾಕ್ಟರಲ್ಲಿಂದ ಬಂದ ದಿನ ಅಣ್ಣನ ಮಗ ನನ್ನನ್ನು ಕೇಳಿದ, ಅಮ್ಮ ಗ್ಯಾಸಿನ ಹತ್ತಿರ ಹೋಗಬಹುದಾ ಎಂದು. ಅತ್ತಿಗೆ ಅಲ್ಲೇ ಕುರ್ಚಿಯಲ್ಲಿದ್ದರು. ನಾನು "ಬೇಡ" ಎಂದೆ. ಯೋಚಿಸಿ ಹೇಳಿದ್ದಲ್ಲ. ವಾರ್ಡಿನಲ್ಲಿ ಅಂಥ ಪ್ರಶ್ನೆಗೆ ಅದೇ ಉತ್ತರ, ನಾಲಗೆಯಲ್ಲಿ ಸಿದ್ಧವಾಗಿರುತ್ತದೆ. ಅಷ್ಟು ಕಾಲ ಒಂದು ಸುಟ್ಟ ಗುಳ್ಳೆಯೂ ಇಲ್ಲದೆ ಅವರು ಮೂರು ಹೊತ್ತು ಅಡಿಗೆ ಮಾಡಿದ್ದು ಆಗ ನನಗೆ ನೆನಪಾಗಲಿಲ್ಲ. ಅವರ ಕೈಗಳನ್ನಾದರೂ ಒಮ್ಮೆ ನೋಡಬಹುದಿತ್ತು.

ಮರುವಾರದಿಂದ ಅಡಿಗೆಗೆ ಒಬ್ಬಳು ಹೆಂಗಸು ಬರತೊಡಗಿದಳು. ಅತ್ತಿಗೆ ಮನೆಯ ಮುಂದಿನ ಸಿಟೌಟಿನಲ್ಲಿ ಕೂರತೊಡಗಿದರು. ಹನಿ ಹಾಕುವ ಹೊತ್ತಿಗೆ ಸರಿಯಾಗಿ ತಲೆ ಹಿಂದೆ ಬಾಗಿಸುತ್ತಿದ್ದರು, ನನ್ನ ಯಾವ ರೋಗಿಯೂ ಅಷ್ಟು ಶಿಸ್ತಿನವರಾಗಿರಲಿಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಸಾಂಬಾರು ಹೇಗಿದೆ ಎಂದು ನಾನು ಕೇಳಿದೆ. "ಉಂಟು" ಎಂದರು.

ಆ ರಾತ್ರಿ ಮನೆಗೆ ಬಂದವಳೇ ಅಣ್ಣನ ಮಗನಿಗೆ ಫೋನು ಮಾಡಿ, ಅಮ್ಮನಿಗೆ ಅಡಿಗೆಮನೆ ಬಿಟ್ಟುಕೊಡು ಎಂದೆ.

"ನೀವೇ ಅಲ್ವಾ ಅತ್ತೆ ಬೇಡ ಅಂತ ಹೇಳಿದ್ದು? ನಾಳೆ ಎಂತಾದ್ರೂ ಆದ್ರೆ ನಾನು ಯಾರನ್ನು ಕೇಳುದು?"

ಅವನದ್ದು ತಪ್ಪಲ್ಲ. ಬಹಳ ಹೇಳಿದ ಮೇಲೆ, ನಾನು ಜೊತೆಯಲ್ಲಿ ನಿಲ್ಲುವುದಾದರೆ ಮಾತ್ರ ಎಂದು ಒಪ್ಪಿದ. ಹಾಗೆ ಶನಿವಾರ ನನ್ನ ದಿನವಾಯಿತು.

ಮೊದಲ ಶನಿವಾರ ನನ್ನ ಶೆಡ್ಡಿನಲ್ಲಿ ಇನ್ನೂ ಕೈ ಹಾಕದೆ ಇಟ್ಟಿದ್ದ ಹಳೆಯ ಡಬ್ಬಿಗಳನ್ನು ಒಳಗೆ ಮಾತ್ರ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಚೀಲದಲ್ಲಿ ತೆಗೆದುಕೊಂಡು ಹೋದೆ. ಹಿಂದಿನ ಮೆಟ್ಟಿಲಿನಲ್ಲಿ ಅತ್ತಿಗೆಯ ಮಡಿಲಿಗೆ ಒಂದೊಂದಾಗಿ ಕೊಟ್ಟೆ. ಅವರು ಸುತ್ತ ಕೈಯಾಡಿಸಿದರು, ಉಗುರಿನಲ್ಲಿ ತಟ್ಟಿದರು, ಮುಚ್ಚಳ ತೆಗೆದು ಹಾಕಿದರು. ಒಂದನ್ನು ಕೂಡಲೇ ಪಕ್ಕಕ್ಕಿಟ್ಟರು.

"ಇದು ಬೇಡ. ಇದಕ್ಕೆ ಮುಖವೇ ಇಲ್ಲ."

ಇನ್ನೊಂದರ ಬಾಯಿಯ ಅಂಚು ಒಂದು ಕಡೆ ಸ್ವಲ್ಪ ಎದ್ದಿತ್ತು. ನನ್ನ ಕೈ ತಾನಾಗಿಯೇ ಚೀಲದಲ್ಲಿದ್ದ ಎಮರಿ ಕಾಗದಕ್ಕೆ ಹೋಯಿತು. ಈ ಸಲ ಕೇಳಿದೆ: "ಅತ್ತಿಗೆ, ಇದು ಕೈಗೆ ತಾಗ್ತದೆ. ಸ್ವಲ್ಪ ತಿಕ್ಕಲಾ?"

ಅವರು ಹೆಬ್ಬೆರಳಿನಿಂದ ಅಂಚನ್ನು ಮುಟ್ಟಿ ನೋಡಿದರು. "ಅದು ಇರ್ಲಿ. ಇದು ಸಕ್ಕರೆಗೆ."

ಅಂದು ಅವಲಕ್ಕಿ ಒಗ್ಗರಣೆ ಮಾಡಿದರು. ಅಣ್ಣನ ಮಗ ಫೋನು ನೋಡುವ ನೆಪದಲ್ಲಿ ಬಾಗಿಲಲ್ಲೇ ನಿಂತಿದ್ದ. ಬೆಳಕಿಗೆ ಅಡ್ಡ ನಿಲ್ಲಬೇಡ, ಕೂತರೆ ಪ್ಲೇಟು ಅಲ್ಲಿಗೇ ಬರುತ್ತದೆ ಎಂದು ಅವನನ್ನು ಅಟ್ಟಿದರು. ನನ್ನನ್ನೂ ಎರಡು ಸಲ ಪಕ್ಕಕ್ಕೆ ಸರಿಸಿದರು. ಸಾಸಿವೆ ಸಿಡಿದದ್ದನ್ನು ಕೇಳಿಯೇ ಉರಿ ಇಳಿಸಿದರು. ನಾನು ಸಿಂಕಿನ ಪಕ್ಕ ಕೈಕಟ್ಟಿ ನಿಂತಿದ್ದೆ. ಅಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಕೆನೆಬಣ್ಣದ ಡಬ್ಬಿಗಳು ಈಗ ಚಾವಡಿಯ ಶೋಕೇಸಿನಲ್ಲಿವೆ, ಖಾಲಿ. ಬಂದವರು ಇಂದಿಗೂ ಹೊಗಳುತ್ತಾರೆ. ವಾರದ ಉಳಿದ ದಿನ ಆ ಹೆಂಗಸೇ ಅಡಿಗೆ ಮಾಡುತ್ತಾಳೆ. ಇನ್ನೊಂದು ದಿನ ಸೇರಿಸು ಎಂದು ಅಣ್ಣನ ಮಗನ ಹತ್ತಿರ ಕೇಳುತ್ತಲೇ ಇದ್ದೇನೆ, ಅವನು "ನೋಡುವ" ಎನ್ನುತ್ತಾನೆ. ಶನಿವಾರ ಹೊರಡುವ ಮೊದಲು ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ ಹೋಗಬೇಕೆಂಬುದು ಅವನ ಷರತ್ತು. ನಾನು ಬಗ್ಗಿ ಅದನ್ನು ತಿರುಗಿಸುವ ಹೊತ್ತಿಗೆ ಅತ್ತಿಗೆ ಅಡಿಗೆಮನೆಯಲ್ಲಿ ನಿಲ್ಲುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿಯದೆ, ಹೊರಗೆ ಹೋಗುತ್ತಾರೆ.