ಪ್ರಶಸ್ತಿ ಸಮಿತಿಯ ಸುಮಿತ್ರಾಬಾಯಿ

ಪ್ರಶಸ್ತಿಗೆ ಬಂದ ಯಾವ ಯೋಜನೆಯನ್ನು ನೋಡಲು ಹೋದರೂ ಸುಮಿತ್ರಾಬಾಯಿ ಮೊದಲು ಕೇಳುತ್ತಿದ್ದುದು ಹೆಂಗಸರ ಶೌಚಾಲಯ ಎಲ್ಲಿದೆ ಎಂದು. ಕೇಳಿ ಸುಮ್ಮನಾಗುವವರಲ್ಲ. ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ಚಿಲಕ ಬೀಳುತ್ತದೋ ಇಲ್ಲವೋ ನೋಡಿ, ನಲ್ಲಿ ತಿರುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದು, “ಹೂಂ, ಈಗ ನಿಮ್ಮ ನಕ್ಷಾ ತೋರಸ್ರಿ” ಎನ್ನುತ್ತಿದ್ದರು. ಹೂಗುಚ್ಛ ಹಿಡಿದು ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಸುಮಿತ್ರಾಬಾಯಿಯವರನ್ನು ಅಲ್ಲಿಗೆ ಕರೆತಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ನಾನು ಹೈದರಾಬಾದಿನಲ್ಲಿ ನಗರ ಯೋಜಕರ ಸಂಘವೊಂದರ ಆಫೀಸಿನಲ್ಲಿ ಕಾರ್ಯದರ್ಶಿ. ವರ್ಷಕ್ಕೊಮ್ಮೆ ನಮ್ಮ ಸಂಘ ನಗರ ಮತ್ತು ಗ್ರಾಮ ಯೋಜನೆಯಲ್ಲಿ ಒಳ್ಳೆಯ ಕೆಲಸ ಮಾಡಿದವರಿಗೆ ಪ್ರಾದೇಶಿಕ ಪ್ರಶಸ್ತಿ ಕೊಡುತ್ತದೆ. ಪುರಸಭೆಗಳಿಂದ, ಇಲಾಖೆಗಳಿಂದ, ಖಾಸಗಿ ಕಂಪನಿಗಳಿಂದ ಅರ್ಜಿ ಬರುತ್ತವೆ. ಅವುಗಳನ್ನು ತೆಗೆದುಕೊಳ್ಳುವುದು, ಕಾಗದಪತ್ರ ಸರಿ ಇವೆಯೇ ನೋಡುವುದು, ಮೂವರು ತೀರ್ಪುಗಾರರನ್ನು ಜಾಗಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಆ ಮೂವರಲ್ಲಿ ಸುಮಿತ್ರಾಬಾಯಿ ಒಬ್ಬರು. ಅವರ ತಂದೆ ಕಲಬುರಗಿ ಕಡೆಯಿಂದ ಸರಕಾರಿ ನೌಕರಿಗೆಂದು ಬಂದು ಕಾಚಿಗೂಡದಲ್ಲಿ ನೆಲೆಸಿದವರು. ಇವರು ಅಲ್ಲೇ ಹುಟ್ಟಿ, ಅಲ್ಲೇ ಓದಿ, ಟೌನ್ ಪ್ಲ್ಯಾನಿಂಗ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನನ್ನ ಅಪ್ಪ ವಿಜಯಪುರದ ಕಡೆಯವರು, ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಹಾಗಾಗಿ ನಾನು ಮಾತ್ರ ನಮ್ಮ ಮನೆಯ ರೂಢಿಯಂತೆ ‘ಬಾಯಾರ’ ಎನ್ನುತ್ತಿದ್ದೆ.

“ಶ್ರೀಕಾಂತ, ನೀ ನಮ್ಮ ಕಡಿಯವ. ಉಳಿದವರು ಬೇಕಾದ್ದು ಹೇಳ್ಲಿ, ನೀ ನನಗ ಖರೇ ಹೇಳಬೇಕು ನೋಡು,” ಎಂದು ಮೊದಲ ದಿನವೇ ಹೇಳಿದ್ದರು.

ಗಿಡ್ಡ ಆಳು. ಕಾಟನ್ ಸೀರೆ, ಕಾಲಿಗೆ ಗಂಡಸರು ಹಾಕುವ ಕ್ಯಾನ್ವಾಸ್ ಬೂಟು. ಸಂಘದ ಕಾರು ಕಳಿಸಿದರೆ ಅರ್ಧ ಹಾದಿಯಲ್ಲೇ ಇಳಿದುಬಿಡುತ್ತಿದ್ದರು. “ಕಾರಿನಾಗ ಕುಂತ್ರ ಊರು ಎಲ್ಲಿ ಕಾಣತೈತಿ? ಮುಂದಿನ ಕಾರು ಕಾಣತೈತಿ ಅಷ್ಟ,” ಎಂದು ನಡೆಯತೊಡಗುತ್ತಿದ್ದರು. ಹಿಂದೆ ನಾನು, ಬಿಸಿಲಲ್ಲಿ, ಎರಡೂ ಕೈಯಲ್ಲಿ ಫೈಲು. ಅಂಕಪಟ್ಟಿಯನ್ನು ಪೆನ್ಸಿಲಿನಲ್ಲಿ ತುಂಬುತ್ತಿದ್ದರು. ಸಂಘದ ಅಧ್ಯಕ್ಷರು, ಹೆಸರಾಂತ ಆರ್ಕಿಟೆಕ್ಟರು, ಪೆನ್ನಿನಲ್ಲಿ ಬರೆಯಬೇಕೆಂದು ನನ್ನ ಮೂಲಕ ಹೇಳಿಸಿದರೆ, “ಪೆನ್ನಿಲೆ ಬರದ್ರ ನಾ ತಪ್ಪ ಮಾಡೂದಿಲ್ಲ ಅಂದಂಗ ಆಗತೈತಿ. ನಾ ಭಾಳ ತಪ್ಪ ಮಾಡೇನಿ ಸರ್ವಿಸಿನಾಗ,” ಎಂದರು. ಕೊನೆಗೆ ಅವರ ಅಂಕಗಳ ಮೇಲೆ ನಾನೇ ಪೆನ್ನು ಆಡಿಸುತ್ತಿದ್ದೆ.

ಒಂದು ವರ್ಷ ಊರಂಚಿನ ಕೆರೆಯೊಂದರ ಸುತ್ತ ಮಾಡಿದ ಉದ್ಯಾನದ ಯೋಜನೆ ಬಂದಿತ್ತು. ದೊಡ್ಡ ಕಂಪನಿಯ ಕೆಲಸ. ಆಕಾಶದಿಂದ ತೆಗೆದ ವೀಡಿಯೊ, ಹೊಳೆಯುವ ಪುಸ್ತಕ, ಎಲ್ಲ ಇತ್ತು. ಸುಮಿತ್ರಾಬಾಯಿ ಎಂದಿನಂತೆ ಕೇಳಿದರು. ಶೌಚಾಲಯಕ್ಕೆ ಬೀಗ. ಕೀಲಿ ಇದ್ದ ಕಾವಲುಗಾರ ಊಟಕ್ಕೆ ಹೋಗಿದ್ದ.

“ಬರ್ಲಿ. ನಾ ಇಲ್ಲೇ ಕುಂದರ್ತೀನಿ,” ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಉಳಿದಿಬ್ಬರು ತೀರ್ಪುಗಾರರು ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕಾದರು. ನಾನು ಬಾಗಿ ಮೆತ್ತಗೆ, “ಬಾಯಾರ, ಇನ್ನೂ ಎರಡು ಜಾಗಾ ನೋಡೂದೈತ್ರಿ,” ಎಂದೆ.

“ಇಲ್ಲಿ ವಾಕಿಂಗ್ ಬರೂ ಹೆಣ್ಣಮಕ್ಕಳು ದಿನಾ ಹಿಂಗ ಕಾಯ್ತಾರಲ್ಲ, ನಾ ಒಂದ ದಿನ ಕಾದ್ರ ನಿನಗೇನು ತ್ರಾಸ?”

ಕಾವಲುಗಾರ ಬಂದ. ಅವನ ಗೊಂಚಲಿನಲ್ಲಿ ಆ ಬೀಗದ ಕೀಲಿ ಇರಲಿಲ್ಲ. ಉದ್ಘಾಟನೆಯಾದ ಮೇಲೆ ಅದನ್ನು ತೆರೆದೇ ಇಲ್ಲ ಎಂದು ಅವನೇ ಹೇಳಿದ. ಆ ಕಂಪನಿಯವರು ಮರುದಿನ ಅಧ್ಯಕ್ಷರಿಗೆ ದೂರಿದರು. ಅಧ್ಯಕ್ಷರು ನನ್ನನ್ನು ಕರೆಸಿ, ಕಾರ್ಯಕ್ರಮ ಸರಿಯಾಗಿ ನಡೆಸಲು ಬರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಬೈಸಿಕೊಂಡವನು ನಾನು. ಅವತ್ತು ಮಣಿಕೊಂಡದ ಮನೆಗೆ ಹೋಗಿ, ಈ ಹೆಣ್ಣುಮಗಳ ಕಾಲಾಗ ನನ್ನ ನೌಕರಿ ಹೋಗತೈತಿ ಎಂದು ಹೆಂಡತಿಯ ಮುಂದೆ ಹಾರಾಡಿದೆ.

ಅದೇ ವಾರ ಕೊನೆಯ ಜಾಗ ನೋಡಲು ಹೋದೆವು. ಸಿಕಂದರಾಬಾದಿನಿಂದ ಬಸ್ಸಿನಲ್ಲಿ ಎರಡು ತಾಸಿನ ಹಾದಿ, ಒಂದು ಸಣ್ಣ ಪುರಸಭೆಯ ಊರು. ದೂರವೆಂದು ಉಳಿದಿಬ್ಬರು ಬರಲಿಲ್ಲ. ಅರ್ಜಿ ಹಾಕಿದವನು ಅಲ್ಲಿಯ ಟೌನ್ ಪ್ಲ್ಯಾನಿಂಗ್ ಆಫೀಸರ್, ಯಾದಗಿರಿ ಎಂಬ, ಕಣ್ಣೆತ್ತಿ ಮಾತಾಡಲೂ ನಾಚುವ ಯುವಕ. ನಕ್ಷೆಗಳನ್ನು ಕೈಯಲ್ಲೇ ಬರೆದಿದ್ದ. ಅಲ್ಲಿ ತರಕಾರಿ ಮಾರುವ ಹೆಂಗಸರು ಮೊದಲು ಬಸ್ ನಿಲ್ದಾಣದ ಬಾಯಲ್ಲೇ, ರಸ್ತೆಯ ಮೇಲೆ ಕೂರುತ್ತಿದ್ದರಂತೆ. ಯಾದಗಿರಿ ಬಸ್ಸು ಒಳಬರುವ ಗೇಟನ್ನು ಪಕ್ಕದ ರಸ್ತೆಗೆ ತಿರುಗಿಸಿ, ಖಾಲಿಯಾದ ಜಾಗದಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿ, ಮೇಲೆ ತಗಡು ಹೊದಿಸಿದ್ದ. ಅಷ್ಟೇ ಯೋಜನೆ.

ಶೌಚಾಲಯದ ಚಿಲಕ ಬಿತ್ತು. ನಲ್ಲಿಯಲ್ಲಿ ನೀರೂ ಬಂತು. ಸುಮಿತ್ರಾಬಾಯಿ ಕಟ್ಟೆಯ ಮೇಲೆ ಲಕ್ಷ್ಮಮ್ಮ ಎಂಬ ಬದನೆಕಾಯಿ ಮಾರುವವಳ ಪಕ್ಕ ಕೂತರು. ತೆಲುಗಿನಲ್ಲಿ ಇಬ್ಬರಿಗೂ ಮಾತು ಹತ್ತಿತು. ಮೊದಲು ಬಸ್ಸು ಬಂದಾಗಲೆಲ್ಲ ಬುಟ್ಟಿ ಎತ್ತಿಕೊಂಡು ಏಳಬೇಕಿತ್ತು, ಈಗ ಬೆಳಿಗ್ಗೆ ಕೂತರೆ ಸಂಜೆ ಏಳುವುದು ಎಂದಳು ಲಕ್ಷ್ಮಮ್ಮ. ಇದಕ್ಕೆ ಬಹುಮಾನ ಬರುತ್ತದೆ ನೋಡು ಎಂದರು ಸುಮಿತ್ರಾಬಾಯಿ. ಯಾದಗಿರಿ ತಲೆ ತಗ್ಗಿಸಿ ನಕ್ಕ. ವಾಪಸು ಬಸ್ಸಿನಲ್ಲಿ ಅವರು ಹುಡುಗಿಯಂತೆ ಖುಷಿಯಾಗಿದ್ದರು.

“ಕಾಗದದ ಮ್ಯಾಲಿನ ಊರಾಗ ಯಾರ ಕಾಲೂ ನೋಯೂದಿಲ್ಲ, ಶ್ರೀಕಾಂತ. ಈ ಹುಡುಗಗ ಕಾಲು ನೋಯೂದು ಗೊತ್ತೈತಿ.”

ಆದರೆ ಯಾದಗಿರಿಯ ಅರ್ಜಿಯಲ್ಲಿ ಒಂದು ಕೊರತೆಯಿತ್ತು. ಪುರಸಭೆ ಕಮಿಷನರರ ಮುದ್ರೆ ಬಿದ್ದ ಪ್ರಮಾಣಪತ್ರ ಇರಲಿಲ್ಲ. ಹಳೆಯ ಕಮಿಷನರ್ ವರ್ಗವಾಗಿ ಹೊಸಬರು ಬಂದಿರಲಿಲ್ಲ. ಇಂಥದ್ದಿದ್ದರೆ ಆಫೀಸಿನವರು ಫೋನ್ ಮಾಡಿ ತಿಳಿಸಬೇಕು, ಕೇಳಿದರೆ ಒಂದು ವಾರ ಹೆಚ್ಚಿಗೆ ಕೊಡಬಹುದು ಎಂದು ನಿಯಮವಿತ್ತು. ಕಂಪನಿಗಳಿಗೆಲ್ಲ ನಾನು ಫೋನ್ ಮಾಡಿದೆ, ಯಾಕೆಂದರೆ ಮಾಡದಿದ್ದರೆ ಅವರೇ ಮಾಡಿ ಗದರುತ್ತಿದ್ದರು. ಯಾದಗಿರಿಯ ಫೈಲನ್ನು ನಾಳೆ ನೋಡಿದರಾಯಿತೆಂದು ಪಕ್ಕಕ್ಕಿಟ್ಟೆ. ಬೈಸಿಕೊಂಡ ಸಿಟ್ಟು ಇನ್ನೂ ಹೋಗಿರಲಿಲ್ಲ. ಅವರ ಮೆಚ್ಚಿನ ಅರ್ಜಿಗೆ ನಾನೇಕೆ ಓಡಾಡಬೇಕು ಎಂಬುದೂ ಮನಸ್ಸಿನ ಮೂಲೆಯಲ್ಲಿತ್ತು. ಗಡುವು ಮುಗಿಯಿತು. ನಾನು ಫೈಲಿನ ಮೇಲೆ ‘ಅಪೂರ್ಣ’ ಎಂದು ಬರೆದೆ.

ಕೊನೆಯ ಸಭೆಯಲ್ಲಿ ಅಧ್ಯಕ್ಷರು ಆ ಫೈಲು ತೆರೆಯಲೇ ಇಲ್ಲ. ಸುಮಿತ್ರಾಬಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೀ ಆ ಹುಡುಗಗ ಫೋನ್ ಮಾಡಿದ್ದೇನು?” ಎಂದರು.

“ಮಾಡಿದ್ದೆರಿ ಬಾಯಾರ. ಎತ್ತಲಿಲ್ಲ.”

ಅವರು ನನ್ನನ್ನೇ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ತಮ್ಮ ಅಂಕಪಟ್ಟಿಯನ್ನು ನನ್ನ ಕಡೆ ಸರಿಸಿದರು. ಕೆರೆಯ ಉದ್ಯಾನಕ್ಕೆ ಮೊದಲ ಪ್ರಶಸ್ತಿ ಬಂತು. ಸುಮಿತ್ರಾಬಾಯಿ ಸಮಾರಂಭಕ್ಕೆ ಬರಲಿಲ್ಲ. ಮುಂದಿನ ವರ್ಷ ಸಮಿತಿಯಲ್ಲಿ ಅವರ ಹೆಸರಿರಲಿಲ್ಲ; ಹೊಸಬರಿಗೆ ಅವಕಾಶ ಕೊಡುತ್ತಿದ್ದೇವೆ ಎಂಬ ಕಾಗದವನ್ನು ಟೈಪ್ ಮಾಡಿದವನೂ ನಾನೇ.

ಅದರ ಮರುವರ್ಷ ಅದೇ ಸಣ್ಣ ಊರಿನಿಂದ ಇನ್ನೊಂದು ಅರ್ಜಿ ಬಂತು. ಈ ಸಲ ಮುದ್ರೆಗಳೆಲ್ಲ ಇದ್ದವು. ಬಸ್ ನಿಲ್ದಾಣದ ಪಕ್ಕ ಪಾರ್ಕಿಂಗ್ ಮತ್ತು ಅಂಗಡಿಗಳ ನಾಲ್ಕು ಮಹಡಿಯ ಕಟ್ಟಡ; ಪಾಯ ತೋಡಲು ಶುರುವಾಗಿತ್ತು, ಅರ್ಜಿಗೆ ಅಷ್ಟು ಸಾಕಿತ್ತು. ‘ಮೊದಲು ಹೀಗಿತ್ತು’ ಎಂಬ ಪುಟದಲ್ಲಿ ಯಾದಗಿರಿಯ ಕಟ್ಟೆಯ ಫೋಟೊ ಇತ್ತು. ಕೆಳಗೆ ‘ಅತಿಕ್ರಮಣ’ ಎಂದು ಬರೆದಿದ್ದರು. ವಿಚಾರಿಸಿದರೆ ಯಾದಗಿರಿಗೆ ದೂರದ ಜಿಲ್ಲೆಗೆ ವರ್ಗವಾಗಿತ್ತು.

ಫೈಲು ಹಿಡಿದು ಕಾಚಿಗೂಡಕ್ಕೆ ಹೋದೆ. ಸುಮಿತ್ರಾಬಾಯಿ ಸೊರಗಿದ್ದರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಫೋಟೊ ನೋಡಿ ಫೈಲು ಮುಚ್ಚಿ, “ನಡಿ, ನೋಡಿ ಬರೂಣು,” ಎಂದರು.

ಕಟ್ಟೆ ಇರಲಿಲ್ಲ. ತಗಡಿನ ಬೇಲಿ, ಒಳಗೆ ಗುಂಡಿ. ಹೆಂಗಸರು ಎದುರಿನ ಹೆದ್ದಾರಿಯ ಅಂಚಿನಲ್ಲಿ ಛತ್ರಿ ನೆಟ್ಟುಕೊಂಡು ಕೂತಿದ್ದರು. ಲಾರಿ ಹಾದಾಗಲೆಲ್ಲ ಸೊಪ್ಪಿನ ಮೇಲೆ ಧೂಳು. ಲಕ್ಷ್ಮಮ್ಮ ಗುರುತು ಹಿಡಿದಳು. ಸಿಟ್ಟಿಲ್ಲದೆ, ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

“ಆ ಬಹುಮಾನ ಬಂದಿದ್ದರೆ ನಮ್ಮನ್ನು ಎಬ್ಬಿಸುತ್ತಿರಲಿಲ್ಲವೇನಮ್ಮಾ?”

ಸುಮಿತ್ರಾಬಾಯಿ ಅವಳ ಕೈ ಹಿಡಿದುಕೊಂಡರು.

ವಾಪಸು ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಬಾಯಾರ, ಅವತ್ತ ನಾ ಯಾದಗಿರಿಗೆ ಫೋನ್ ಮಾಡಿದ್ದಿಲ್ಲರಿ.”

“ಒಂದ ಸಲನೂ?”

“ಇಲ್ಲರಿ.”

ಅವರು ಕಿಟಕಿಯ ಕಡೆ ಮುಖ ಮಾಡಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಹೊರಗೆ ನೋಡುತ್ತಲೇ, “ಅವತ್ತ ಹೇಳಿದ್ರ ಅಲ್ಲೇ ಜಗಳಾ ಮಾಡಿ ಒಂದ ವಾರ ಇಸ್ಕೊಂತಿದ್ದೆ. ಈಗ ಯಾರ ಕೂಡ ಜಗಳಾಡ್ಲಿ, ನೀನ ಹೇಳು,” ಎಂದರು. ಸಿಕಂದರಾಬಾದಿನಲ್ಲಿ ಇಳಿದಾಗ ಆಟೊ ಕರೆಯಲು ಹೋದೆ. ಬೇಡವೆಂದು ಕೈಯಾಡಿಸಿ, ಕುಂಟುತ್ತ ಜನರ ನಡುವೆ ಹೊರಟುಹೋದರು. ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ.

ಮರುದಿನ, ಈ ಜಾಗದಲ್ಲಿ ಮೊದಲು ಏನಿತ್ತು, ಅದನ್ನು ಕಟ್ಟಿದವರು ಯಾರು, ಆ ಅರ್ಜಿ ನನ್ನ ತಪ್ಪಿನಿಂದ ಹೇಗೆ ಬಿದ್ದುಹೋಯಿತು ಎಂದು ಎರಡು ಪುಟ ಟಿಪ್ಪಣಿ ಬರೆದು ಫೈಲಿಗೆ ಸೇರಿಸಿದೆ. ಅಧ್ಯಕ್ಷರು ಓದಿ, ‘ನೋಡಲಾಯಿತು’ ಎಂದು ಸಹಿ ಹಾಕಿದರು. ಅದರ ಪ್ರತಿಯನ್ನು ಬಾಯಾರಿಗೆ ಕೊಟ್ಟುಬರಬೇಕೆಂದು ದಿನ ಮುಂದೂಡುತ್ತ ಬಂದೆ. ಒಂದು ಬೆಳಿಗ್ಗೆ ಅವರ ತಂಗಿಯ ಮಗಳು ಫೋನ್ ಮಾಡಿದಳು. ನಿದ್ದೆಯಲ್ಲೇ ಹೋದರಂತೆ.

ಪ್ರಶಸ್ತಿ ಸಮಾರಂಭದಲ್ಲಿ ಆ ನಾಲ್ಕು ಮಹಡಿಯ ಕಟ್ಟಡಕ್ಕೆ ಎರಡನೆಯ ಬಹುಮಾನ ಬಂತು. ಇನ್ನೂ ಮೇಲೇಳದ ಆ ಕಟ್ಟಡದ ಚಿತ್ರ ಪರದೆಯ ಮೇಲೆ ಮೂಡಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ವೇದಿಕೆಯ ಅಂಚಿನಲ್ಲಿ ನಾನು ಶಾಲುಗಳ ತಟ್ಟೆ ಹಿಡಿದು ನಿಂತಿದ್ದೆ. ನಾನು ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈ ತುಂಬಿದ್ದವನು ತಟ್ಟದಿದ್ದುದು ಯಾರ ಗಮನಕ್ಕೂ ಬರಲಿಲ್ಲ.