ಮದುವೆಗೆ ಮುಂಚೆ ಅತ್ತೆ ಹಚ್ಚಿದ ಕ್ರೀಮು

ನನ್ನ ಸೋದರತ್ತೆ ಎರಡನೇ ಮದುವೆಗೆ ಒಪ್ಪಿಕೊಂಡಾಗ ಅವಳಿಗೆ ಅರವತ್ತು ಹತ್ತಿರವಾಗಿತ್ತು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹರಿಹರದಲ್ಲಿ ಹೊಳೆ ಕಡೆಯ ಓಣಿಯಲ್ಲಿ ಬಟ್ಟೆ ಹೊಲಿದು ಬದುಕಿದವಳು. ಅದೇ ಓಣಿಯ ನಿವೃತ್ತ ಮೇಷ್ಟ್ರು, ಹೆಂಡತಿ ತೀರಿಕೊಂಡವರು, ಕೇಳಿದ್ದರು. ಒಂದು ಮಳೆಗಾಲವಿಡೀ ಯೋಚಿಸಿ ಹೂಂ ಅಂದಳು. ಆಮೇಲೆ ದಾವಣಗೆರೆಯಲ್ಲಿದ್ದ ನನಗೆ ಫೋನು.

"ಪೆಪ್ಟೈಡ್ ಕ್ರೀಮ್ ಅಂತ ಮೊಬೈಲ್‌ನಾಗ ನೋಡ್ದೆ. ಸುಕ್ಕು ಹೋಗ್ತಾವಂತೆ. ಖರೇನಾ?"

ನನಗೂ ಗೊತ್ತಿರಲಿಲ್ಲ. ಅವಳನ್ನು ದಾವಣಗೆರೆಗೆ ಕರೆಸಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಸಣ್ಣಾಕಿಯಾದರೂ ಆ ಡಾಕ್ಟರಮ್ಮ ಸಮಾಧಾನದಿಂದ ಹೇಳಿದರು.

"ಚರ್ಮದೊಳಗೆ ಕೊಲಾಜೆನ್ ಅಂತ ಎಳೆಗಳು ಇರ್ತಾವ್ರಿ, ಚರ್ಮಾನ ಬಿಗಿಯಾಗಿ ಹಿಡಿಯೋದು ಅವೇ. ವಯಸ್ಸಾದಂಗೆ, ಬಿಸಿಲು ತಿಂದಂಗೆ ಮುರೀತಾವೆ. ಮುರಿದ ಚೂರುಗಳ ಸುಳಿವು ಸಿಕ್ಕರೆ ಅಲ್ಲಿನ ಜೀವಕೋಶಗಳು ಹೊಸ ಎಳೆ ಕಟ್ತಾವೆ. ಕ್ರೀಮಿನ ಪೆಪ್ಟೈಡೂ ಅಂಥ ಚೂರಿನ ಥರದ್ದೇ."

"ಅಂದ್ರೆ ಮುರಿದೈತೆ ಅಂತ ಸುಳ್ಳು ಸುದ್ದಿ ಮುಟ್ಟಿಸೋದು," ಅಂದಳು ಅತ್ತೆ.

ಡಾಕ್ಟರಮ್ಮ ನಕ್ಕುಬಿಟ್ಟರು. "ಹಂಗೇ ಅನ್ಕೊಳ್ರಿ. ಆದ್ರೆ ಒಳಗೆ ಇಳಿಯೋದು ಸ್ವಲ್ಪನೇ. ತಿಂಗಳುಗಟ್ಟಲೆ ಹಚ್ಚಬೇಕು. ಸಣ್ಣ ಗೆರೆ ಮೆತ್ತಗಾಗಬಹುದು, ಆಳದ್ದು ಹೋಗಲ್ಲ. ಬಿಸಿಲಿಗೆ ಹೋಗೋವಾಗ ಸನ್‌ಸ್ಕ್ರೀನ್ ಮಾತ್ರ ಬಿಡಬ್ಯಾಡ್ರಿ."

ಹರಿಹರದ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದಳು. ಹೊರಗೆ ಭತ್ತದ ಗದ್ದೆಗಳು ಹಸಿರು ನಿದ್ದೆಯಂತೆ ಸರಿಯುತ್ತಿದ್ದವು. ಮಲಗಿದಳೇನೋ ಅಂದುಕೊಂಡರೆ, ಕೆನ್ನೆ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ ಅಂದಳು: "ಒಳಗೆ ಇನ್ನೂ ಕಟ್ಟೋರು ಅದಾರಂತೆ ನೋಡು."

ಆ ಚಳಿಗಾಲ ರಜೆ ಸಿಕ್ಕಾಗೆಲ್ಲ ಅವಳ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಹೊಳೆಯ ಮಂಜು ಓಣಿಯೊಳಗೇ ಬಂದು ನಿಂತಿರುತ್ತಿತ್ತು. ಅತ್ತೆ ಹೊಲಿಗೆ ಮಷೀನಿನ ಮುಂದೆ ಕೂತು, ಕನ್ನಡಿಯೂ ಇಲ್ಲದೆ, ಮುಖಕ್ಕೆ ಕ್ರೀಮು ಸವರಿಕೊಳ್ಳುತ್ತಿದ್ದಳು. ಎಷ್ಟೋ ವರ್ಷ ಯಾರೂ ಮುಟ್ಟದ ಮುಖ ಅದು. ಅವಳ ಬೆರಳುಗಳು ಮೊದಮೊದಲು ನಾಚುತ್ತಿದ್ದವು, ಬರಬರುತ್ತಾ ಸಲೀಸಾದವು. ನಾನು ಹಾಸಿಗೆಯಲ್ಲೇ ಅರೆಗಣ್ಣಿನಲ್ಲಿ ನೋಡುತ್ತಾ ಮತ್ತೆ ನಿದ್ದೆಗೆ ಜಾರುತ್ತಿದ್ದೆ.

ಬೇಸಿಗೆ ಹೊತ್ತಿಗೆ ಕಣ್ಣಂಚಿನ ಗೆರೆಗಳು ತುಸು ಮೆತ್ತಗಾದಂತಿದ್ದವು. ಕ್ರೀಮೋ, ಒಳ್ಳೆ ನಿದ್ದೆಯೋ, ಹೇಳಲಾರೆ. ಹಣೆಯವು ಇದ್ದಂಗೇ ಇದ್ದವು.

ಹೊಳೆದಂಡೆಯ ಉಕ್ಕಡಗಾತ್ರಿ ಗುಡಿಯಲ್ಲಿ ಮದುವೆಯಾಯಿತು. ನಾವು ನಾಲ್ಕೈದು ಮಂದಿ ಅಷ್ಟೇ. ಆಮೇಲೆ ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಅತ್ತೆ ಮೇಷ್ಟ್ರನ್ನು ಕೇಳಿಯೇಬಿಟ್ಟಳು, "ನನ್ನ ಮುಖ ಏನರ ಬದಲಾಗೈತೇನ್ರಿ?"

ಅವರು ಕನ್ನಡಕ ಒರೆಸಿ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. "ಇಲ್ಲಲ್ರಿ. ಮೊದ್ಲಿಂದ ಹಿಂಗೇ ಅದೀರಿ."

"ಆತು, ಅಷ್ಟೂ ಹಚ್ಚಿದ್ದು ದಂಡ!" ಅಂದು ಅತ್ತೆ ಜೋರಾಗಿ ನಕ್ಕಳು. ಸೀರೆ ನೆರಿಗೆ ಎತ್ತಿ ಹಿಡಿದು ನೀರಿಗಿಳಿದಳು. "ಬರ್ರಿ, ತಣ್ಣಗೈತೆ," ಅಂತ ಕೈ ಚಾಚಿದಳು.